ಗಂಡು ಮಗುವಿಗೆ ಅಪರೂಪದ ಹೆಸರು: ಹುಡುಕುವುದೆಲ್ಲಿ, ಇಡುವುದು ಹೇಗೆ

ಮೈಸೂರಿನ ಯಾವುದಾದರೂ ನರ್ಸರಿ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ನೋಡಿ. ಆಯಾ ‘ಆರವ್’ ಅಂತ ಕೂಗಿದರೆ ಮೂವರು ಹುಡುಗರು ಒಟ್ಟಿಗೆ ತಿರುಗುತ್ತಾರೆ. ಆ ಮೂವರ ಅಪ್ಪ ಅಮ್ಮಂದಿರೂ ‘ಯಾರಿಗೂ ಇಲ್ಲದ ಹೆಸರು ಬೇಕು’ ಅಂತಲೇ ಹುಡುಕಿದವರು. ಹುಡುಕಿದ್ದು ಮಾತ್ರ ಎಲ್ಲರೂ ಒಂದೇ ಕಡೆ, ಮೊಬೈಲಿನಲ್ಲಿ.

ನಿಜವಾಗಿ ಅಪರೂಪದ ಹೆಸರು ಬೇಕಾದರೆ ಮನೆದೇವರು, ಊರು, ಹಳೇ ಕಾಗದಪತ್ರ, ಊರಾಚೆಯ ಶಾಸನ ಇವುಗಳ ಕಡೆ ನೋಡಬೇಕು ಅನ್ನುವುದು ನನ್ನ ವಾದ. ಅಲ್ಲಿ ಸಿಗುವ ಹೆಸರು ಶಾಲೆಯಲ್ಲಿ ಇನ್ನೊಬ್ಬನಿಗೆ ಇರುವುದಿಲ್ಲ. ಹಾಗಂತ ಅಜ್ಜಿಯ ಬಾಯಿಗೆ ಹೊಸದೂ ಅಲ್ಲ. ಇನ್ನು ಕೆಲಸದ ಮಾತಿಗೆ ಬರೋಣ.

1. ಆಸ್ಪತ್ರೆಯಲ್ಲಿ ಅವಸರ ಮಾಡಬೇಡಿ

ಹೆರಿಗೆಯಾಗಿ ಇನ್ನೂ ಸುಧಾರಿಸಿಕೊಳ್ಳುವ ಮೊದಲೇ ಯಾರಾದರೂ ಫಾರಂ ಹಿಡಿದು ಬಂದು ‘ಮಗು ಹೆಸರೇನು ಬರೀಲಿ?’ ಅಂತ ಕೇಳುತ್ತಾರೆ. ಗಾಬರಿಯಲ್ಲಿ ಏನೋ ಒಂದು ಹೇಳಿಬಿಡಬೇಡಿ. ಆ ಜಾಗ ಖಾಲಿ ಬಿಡಬಹುದು. 21 ದಿನದೊಳಗೆ ತಿಳಿಸಬೇಕಾದದ್ದು ಮಗು ಹುಟ್ಟಿದ ವಿಷಯ, ಹೆಸರಲ್ಲ. ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಅದು ಮೀರಿದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಆದರೆ ಅಷ್ಟು ಎಳೆಯುವುದು ಸುಮ್ನೆ ತಲೆನೋವು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೋಂದಣಿ ಪುಸ್ತಕಕ್ಕೆ ಒಮ್ಮೆ ಹೋದ ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಸಲು ದಾರಿ ಇದೆ. ‘ಅದು ಬೇಡ, ಈಗ ಬೇರೆ ಹೆಸರು ಇಷ್ಟ ಆಗಿದೆ’ ಅಂದರೆ ಮಾತ್ರ ಕಚೇರಿ ಅಲೆದು ಚಪ್ಪಲಿ ಸವೆಯುತ್ತದೆ. ಜನನ ಮರಣ ನೋಂದಣಿ ಕಾನೂನಿನ ತಿದ್ದುಪಡಿ ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಇದೇ ಜನನ ಪ್ರಮಾಣಪತ್ರ ಆಧಾರ. ಹಾಗಾಗಿ ತೊಟ್ಟಿಲು ಶಾಸ್ತ್ರ ಮುಗಿಯಲಿ, ಹೆಸರು ಒಂದೆರಡು ತಿಂಗಳು ಬಾಯಲ್ಲಿ ಹೊರಳಲಿ. ಆಮೇಲೆ ಬರೆಸಿ.

2. ಅಕ್ಷರದ ಜಗಳ ಮೊದಲು ಮುಗಿಸಿ

ನಕ್ಷತ್ರ ನೋಡಿ ಹೆಸರಿಡುವ ಮನೆಯಾದರೆ ಪಟ್ಟಿ ಮಾಡುವ ಮೊದಲೇ ಅಕ್ಷರ ಕೇಳಿಕೊಳ್ಳಿ. ಇಷ್ಟಪಟ್ಟ ಹೆಸರು ಕೊನೇ ಗಳಿಗೆಯಲ್ಲಿ ‘ಅಕ್ಷರ ಕೂಡಿಬರಲ್ಲ’ ಅಂತ ಬಿದ್ದುಹೋದರೆ ಬೇಜಾರು ಜಾಸ್ತಿ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಅಶ್ವಿನಿಗೆ ಚು, ಚೆ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ಇವೆಲ್ಲ ಸಲೀಸು. ಆರಿದ್ರೆಯ ಒಂದು ಪಾದಕ್ಕೆ ಙ ಬರುತ್ತದೆ, ಹಸ್ತದ ಒಂದು ಪಾದಕ್ಕೆ ಣ, ಉತ್ತರಾಭಾದ್ರೆಯ ಒಂದು ಪಾದಕ್ಕೆ ಞ. ಙ ಅಕ್ಷರದಲ್ಲಿ ಹುಡುಗನ ಹೆಸರು ಯಾರು ತಾನೇ ತಂದಾರು?

ಇಲ್ಲಿ ಪುರೋಹಿತರೇ ದಾರಿ ತೋರಿಸುತ್ತಾರೆ. ನಕ್ಷತ್ರದ ಹೆಸರು ಬೇರೆ, ವ್ಯವಹಾರದ ಹೆಸರು ಬೇರೆ. ಅಕ್ಕಿಯ ಮೇಲೆ ಬರೆದು ಕಿವಿಯಲ್ಲಿ ಹೇಳುವ ಹೆಸರುಗಳಲ್ಲಿ ನಕ್ಷತ್ರನಾಮ ಒಂದು ಇದ್ದರೆ ಶಾಸ್ತ್ರಕ್ಕೆ ಸಾಕು ಅನ್ನುವವರೇ ಹೆಚ್ಚು. ಜಾತಕದಲ್ಲಿ ಅದು, ಶಾಲೆಯಲ್ಲಿ ಇದು. ಈ ಮಾತನ್ನು ನೀವು ಹೇಳುವುದಕ್ಕಿಂತ ಪುರೋಹಿತರ ಬಾಯಿಂದಲೇ ಅತ್ತೆ ಮಾವನ ಎದುರು ಹೇಳಿಸಿದರೆ ಕೆಲಸ ಬೇಗ ಆಗುತ್ತದೆ.

3. ಹುಡುಕುವ ಜಾಗಗಳು

ಮೊದಲು ಮನೆದೇವರು. ನಮ್ಮ ಸೀಮೆಯಲ್ಲಿ ಒಂದೊಂದು ದೇವರಿಗೂ ಊರಿನವರು ಇಟ್ಟ ಹೆಸರುಗಳು ಹಲವು. ಎಲ್ಲರೂ ಮೊದಲನೆಯದನ್ನು ಮಾತ್ರ ಬಳಸಿ ಉಳಿದವನ್ನು ಹಾಗೇ ಬಿಟ್ಟಿದ್ದಾರೆ. ಮೇಲುಕೋಟೆಯನ್ನೇ ತಗೊಳ್ಳಿ. ಚೆಲುವನಾರಾಯಣ ಅಂದ ಕೂಡಲೇ ಚೆಲುವರಾಜು, ಚೆಲುವಯ್ಯ ನೆನಪಾಗುತ್ತಾರೆ. ಆದರೆ ವೈರಮುಡಿ ಉತ್ಸವದಲ್ಲಿ ಹೊರಗೆ ಬರುವ ಮೂರ್ತಿಗೆ ಸಂಪತ್ಕುಮಾರ, ರಾಮಪ್ರಿಯ ಅನ್ನುವ ಹೆಸರುಗಳೂ ಇವೆ. ಬೆಟ್ಟಕ್ಕೆ ಯದುಗಿರಿ, ಯದುಶೈಲ ಅನ್ನುತ್ತಾರೆ. ‘ರಾಮಪ್ರಿಯ’ ಅಂತ ಹೆಸರಿರುವ ಹುಡುಗ ನಿಮ್ಮ ಬಡಾವಣೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ?

ಶ್ರೀರಂಗಪಟ್ಟಣದ ರಂಗನಾಥನದೂ ಇದೇ ಕಥೆ. ರಂಗಸ್ವಾಮಿ, ರಂಗರಾಜು, ರಂಗನಾಥ ಮನೆಮನೆಯಲ್ಲೂ ಇದ್ದಾರೆ. ಕಾವೇರಿ ಹರಿಯುವ ದಾರಿಯಲ್ಲಿ ಶ್ರೀರಂಗಪಟ್ಟಣದವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ‘ಆದಿರಂಗ’ ಎಷ್ಟು ಚೆನ್ನಾಗಿದೆ ನೋಡಿ. ಮನೆಯಲ್ಲಿ ‘ಆದಿ’ ಅಂತ ಕರೆದರೆ ಕೇಳುವುದಕ್ಕೆ ಈ ಕಾಲದ್ದು, ಪೂರ್ತಿ ಹೆಸರು ಹೇಳಿದರೆ ಅಪ್ಪಟ ಮಂಡ್ಯದ್ದು. ತಲಕಾಡಿನ ಪಂಚಲಿಂಗಗಳಲ್ಲಿ ಅರ್ಕೇಶ್ವರ ಇದ್ದಾನೆ. ಅರ್ಕ ಅಂದರೆ ಸೂರ್ಯ. ‘ಅರ್ಕ’ ಅಷ್ಟೇ ಇಟ್ಟರೂ ಹೆಸರು ತುಂಬಿಕೊಂಡಿದೆ. ಆದಿಚುಂಚನಗಿರಿಯ ಒಕ್ಕಲಾದರೆ ಭೈರವ ಇದ್ದಾನೆ. ಬೈರೇಗೌಡ, ಬೈರಪ್ಪ ಎಲ್ಲ ಅವನೇ. ಮಾದಪ್ಪನ ಒಕ್ಕಲಾದರೆ ಮಾದೇಶ, ಮಂಟೇಸ್ವಾಮಿ ಪರಂಪರೆಯವರಾದರೆ ರಾಚಪ್ಪ, ಸಿದ್ದಪ್ಪಾಜಿ. ನಂಜನಗೂಡಿನವರಿಗೆ ನಂಜುಂಡ. ಈ ಹೆಸರು ಈಗಿನ ಎಳೆ ಮಕ್ಕಳಲ್ಲಿ ಕಾಣುವುದೇ ಕಡಿಮೆ. ನನಗೇನಾದರೂ ಆಯ್ಕೆ ಕೊಟ್ಟರೆ ಯಾವ ‘ಯಾನ್’, ‘ಯಾಂಶ್’ಗಿಂತಲೂ ಮೊದಲು ನಂಜುಂಡನನ್ನೇ ಎತ್ತಿಕೊಳ್ಳುತ್ತೇನೆ.

ಎರಡನೆಯದು ವಂಶ. ಹಳೇ ಪಹಣಿ, ಕ್ರಯಪತ್ರ, ವಂಶವೃಕ್ಷದ ಪ್ರತಿ ಮನೆಯ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ತೆಗೆದು ನೋಡಿ. ಜವರೇಗೌಡ, ಮಂಚೇಗೌಡ, ನಿಂಗಯ್ಯ, ಮಾರಯ್ಯ, ಕೆಂಪಯ್ಯ ಸಾಲಾಗಿ ಬರುತ್ತಾರೆ. ನಡುವೆ ತಿಪ್ಪ, ಗುಂಡ, ಕಲ್ಲ ಅಂತ ಕಂಡರೆ ನಗಬೇಡಿ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಇದಕ್ಕಾದರೂ ದೃಷ್ಟಿ ತಾಕದಿರಲಿ ಅಂತ ಬೇಕಂತಲೇ ಒರಟು ಹೆಸರಿಡುತ್ತಿದ್ದರು. ಮುತ್ತಜ್ಜನ ಹೆಸರನ್ನು ಇದ್ದ ಹಾಗೇ ಇಡಬೇಕಾಗಿಲ್ಲ. ‘ಅಯ್ಯ’, ‘ಗೌಡ’ ತೆಗೆದು ಬೇರು ಉಳಿಸಿಕೊಳ್ಳಬಹುದು. ಕೆಂಪಯ್ಯನಿಂದ ಕೆಂಪರಾಜ, ನಿಂಗಯ್ಯನಿಂದ ಲಿಂಗರಾಜ. ಒಂದು ತೊಡಕಿದೆ. ತಾತನ ಹೆಸರನ್ನೇ ಇಟ್ಟರೆ ಸೊಸೆ ಮಾವನ ಹೆಸರು ಹಿಡಿದು ‘ಲೋ’ ಅಂತ ಗದರುವುದು ಹೇಗೆ? ಎಷ್ಟೋ ಮನೆಗಳಲ್ಲಿ ಅದಕ್ಕೇ ಆ ಮಗು ಪುಟ್ಟಸ್ವಾಮಿಯೋ ಅಯ್ಯನೋ ಆಗಿ ಉಳಿದುಬಿಡುತ್ತದೆ.

ಮೂರನೆಯದು ಶಾಸನ. ಇದು ನನಗೆ ಬಹಳ ಇಷ್ಟದ ಜಾಗ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ 949–50ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ದೊರೆ ‘ಏನು ಬೇಕು ಕೇಳು’ ಅಂದಾಗ ಊರು, ಹೊನ್ನು ಬಿಟ್ಟು ಆ ನಾಯಿಯನ್ನೇ ಕೇಳಿ ಪಡೆದ. ಅವನ ಹೆಸರು ಮಣಲೇರ. ಅವನ ಒಡೆಯ ಗಂಗರ ಬೂತುಗ. ಸಾವಿರ ವರ್ಷದ ಹಿಂದೆ ಮಂಡ್ಯದ ಮಣ್ಣಿನಲ್ಲಿ ಓಡಾಡಿದ ಹೆಸರುಗಳಿವು. ಬೂತುಗ ಇಟ್ಟರೆ ಶಾಲೆಯಲ್ಲಿ ಮಕ್ಕಳು ‘ಭೂತ’ ಅಂತ ಕಾಡುವುದು ಖಂಡಿತ, ಅದು ಬೇಡ. ಮಣಲೇರ ಇಡಬಹುದು. ಗಂಗರಲ್ಲೇ ಶ್ರೀಪುರುಷ ಇದ್ದಾನೆ, ಹೊಯ್ಸಳರಲ್ಲಿ ಎರೆಯಂಗ ಇದ್ದಾನೆ. ಮೈಸೂರು ಒಡೆಯರಲ್ಲಿ ಕಂಠೀರವ, ರಣಧೀರ. ನಿಮ್ಮ ಊರಿನ ಶಾಸನದಲ್ಲಿ ಯಾರಿದ್ದಾರೆ ಅಂತ ತಿಳಿಯಬೇಕಾದರೆ ಜಿಲ್ಲೆಯ ಶಾಸನ ಸಂಪುಟ ನೋಡಿ. ತಾಲ್ಲೂಕು, ಊರು ಹಿಡಿದು ವಿಂಗಡಿಸಿರುವುದರಿಂದ ಹುಡುಕುವುದು ಕಷ್ಟವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಕಡೆ ಪರಿಚಯದವರಿದ್ದರೆ ಇನ್ನೂ ಸುಲಭ.

ಕೊನೆಯದು ಕನ್ನಡದ್ದೇ ಪದಗಳು: ನೇಸರ, ಮುಗಿಲು, ಅರಿವು, ಕಡಲು. ಇವುಗಳ ಬಗ್ಗೆ ಒಂದು ಎಚ್ಚರಿಕೆ ಇದೆ, ಮುಂದೆ ಹೇಳುತ್ತೇನೆ.

4. ಅರ್ಥ ನೋಡಿ, ನಿಘಂಟಿನಲ್ಲೇ ನೋಡಿ

ಹೆಸರಿನ ಪಟ್ಟಿ ಕೊಡುವ ಆ್ಯಪ್‌ಗಳಲ್ಲಿ ಎಲ್ಲ ಹೆಸರಿಗೂ ‘ಸೂರ್ಯನ ಕಿರಣ’, ‘ದೇವರ ಕೊಡುಗೆ’, ‘ವಿಷ್ಣುವಿನ ಅಂಶ’ ಇವಿಷ್ಟೇ ಅರ್ಥ. ಎರಡು ಹೆಸರು ಕತ್ತರಿಸಿ ಅಂಟಿಸಿದ್ದಕ್ಕೂ ಸಂಸ್ಕೃತದ ಅರ್ಥ ಹೊಸೆದಿರುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೋ, ಅಲರ್ ಎಂಬ ಆನ್‌ಲೈನ್ ನಿಘಂಟೋ ತೆರೆದು ಪದ ಇದೆಯಾ ನೋಡಿ. ಇಲ್ಲದಿದ್ದರೆ ಮನೆಯ ಹತ್ತಿರ ಇರುವ ಕನ್ನಡ ಅಥವಾ ಸಂಸ್ಕೃತ ಮೇಷ್ಟ್ರನ್ನು ಕೇಳಿ. ಎರಡು ನಿಮಿಷದ ಕೆಲಸ.

ಅರ್ಥ ಸರಿ ಇದ್ದರೂ ಕೆಲವು ಹೆಸರು ಕೇಳಿದವರನ್ನು ಮುಜುಗರಕ್ಕೆ ಹಾಕುತ್ತವೆ. ಅನಿಕೇತ ಅಂದರೆ ಮನೆ ಇಲ್ಲದವನು. ಶಿವನಿಗೂ ಒಪ್ಪುವ ಹೆಸರು, ಭಾವ ದೊಡ್ಡದು. ಆದರೆ ಗೃಹಪ್ರವೇಶಕ್ಕೆ ಸಾಲ ಮಾಡಿ ಕೂತಿರುವ ತಾತನಿಗೆ ಇದನ್ನು ವಿವರಿಸುವ ಕಷ್ಟ ನಿಮ್ಮದು. ಗಂಗ ದೊರೆ ದುರ್ವಿನೀತ ದೊಡ್ಡ ವಿದ್ವಾಂಸ, ಕನ್ನಡದಲ್ಲಿ ಗದ್ಯ ಬರೆದವರ ಸಾಲಿನಲ್ಲಿ ಅವನ ಹೆಸರಿದೆ. ಹಾಗಂತ ಆ ಹೆಸರಿಟ್ಟು ಮಗನನ್ನು ಶಾಲೆಗೆ ಕಳಿಸಿದರೆ ಮೊದಲ ದಿನವೇ ಮೇಷ್ಟ್ರು ಒಂದು ಕಣ್ಣಿಟ್ಟಿರುತ್ತಾರೆ!

5. ಜಗಲಿಯಿಂದ ಕೂಗಿ ನೋಡಿ

ಹೆಸರು ಇರುವುದು ಕರೆಯುವುದಕ್ಕೆ. ಕಾಗದದಲ್ಲಿ ಚೆನ್ನಾಗಿ ಕಂಡದ್ದು ಬಾಯಲ್ಲಿ ಮುದುಡುತ್ತದೆ. ಪಟ್ಟಿಯ ಒಂದೊಂದು ಹೆಸರನ್ನೂ ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗಿ. ‘ಬಾರ್ಲಾ’, ‘ಎಲ್ಲಿದ್ದೀಯೋ’ ಸೇರಿಸಿ ಕೂಗಿ. ಸಿಟ್ಟಿನಲ್ಲಿ ಕೂಗಿ, ಮುದ್ದಿನಲ್ಲಿ ಕರೆಯಿರಿ.

ಆಮೇಲೆ ಹಳ್ಳಿಯ ಕಡೆಯ ಅಜ್ಜಿಯ ಬಾಯಲ್ಲಿ ಹೇಳಿಸಿ. ನಮ್ಮ ಮಂಡ್ಯದ ಮಾತಿನಲ್ಲಿ ‘ಹ’ ಎಷ್ಟೋ ಸಲ ಹಾರಿಹೋಗುತ್ತದೆ, ‘ಶ’ಗೆ ‘ಸ’ ಬರುತ್ತದೆ. ಹರ್ಷ ಅರ್ಸ ಆಗುತ್ತಾನೆ, ಹೃಷೀಕೇಶ ರುಸಿಕೇಸ ಆಗುತ್ತಾನೆ. ನಾಗಮಂಗಲದ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಹೊಸ ಹೆಸರನ್ನು ಎರಡು ಸಲ ನಾಲಿಗೆಯ ಮೇಲೆ ಹೊರಳಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ‘ನೀವೇನಾರ ಕರ್ಕಳಿ, ನಾನು ಮಾದ ಅಂತೀನಿ’ ಅಂದುಬಿಟ್ಟರಂತೆ. ಆ ಹುಡುಗ ಊರಲ್ಲಿ ಇವತ್ತಿಗೂ ಮಾದನೇ. ಅಜ್ಜಿಯ ಬಾಯಲ್ಲಿ ಹೆಸರು ಹೇಗೆ ಬರುತ್ತದೋ ಅದು ನಿಮಗೆ ಇಷ್ಟವಾದರೆ ಇಡಿ. ಇಲ್ಲದಿದ್ದರೆ ‘ಹಾಗಲ್ಲ ಅಮ್ಮ, ಹೀಗೆ’ ಅಂತ ತಿದ್ದುತ್ತಾ ಕೂರಬೇಡಿ, ಹೆಸರು ಬದಲಾಯಿಸಿ.

ಕನ್ನಡದ ಪದಗಳ ಬಗ್ಗೆ ಹೇಳುತ್ತೇನೆ ಅಂದ ಎಚ್ಚರಿಕೆ ಇದು. ಹೆಸರಿಗೆ ‘-ಇಗೆ’, ‘-ಅನ್ನು’ ಸೇರಿಸಿ ಒಂದು ವಾಕ್ಯ ಮಾಡಿ. ‘ನೇಸರನಿಗೆ ಊಟ ಹಾಕಿದೆ’, ಸರಿಯಾಗಿದೆ, ಹುಡುಗ ಕಾಣುತ್ತಾನೆ. ‘ಮುಗಿಲಿಗೆ ಊಟ ಹಾಕಿದೆ’ ಅಂದರೆ ಆಕಾಶ ನೋಡಬೇಕಾಗುತ್ತದೆ. ‘ಅರಿವಿಗೆ ನೆಗಡಿ ಆಗಿದೆ’ ಅಂದರೆ ಇನ್ನೂ ಕಷ್ಟ. ‘ಅ’ದಲ್ಲಿ ಮುಗಿಯುವ ಹೆಸರಿಗೆ ‘ನಿಗೆ’, ‘ನನ್ನು’ ಬಂದು ಮನುಷ್ಯನಾಗಿಯೇ ಉಳಿಯುತ್ತಾನೆ. ‘ಉ’ದಲ್ಲಿ ಮುಗಿಯುವ ಪದ ವಸ್ತುವಿನ ಕಡೆಗೆ ಜಾರುತ್ತದೆ. ಮುಗಿಲು ಬೇಕೇ ಬೇಕಾದರೆ ‘ಮುಗಿಲ’ ಅಂತ ಇಟ್ಟು ನೋಡಿ.

6. ಇಂಗ್ಲಿಷ್ ಸ್ಪೆಲಿಂಗ್ ಇಂದೇ ತೀರ್ಮಾನವಾಗಲಿ

ಅಪರೂಪದ ಹೆಸರಿಗೆ ಇದು ದೊಡ್ಡ ಗಂಡಾಂತರ. ಮಂಜುನಾಥನ ಸ್ಪೆಲಿಂಗ್ ಯಾವ ಗುಮಾಸ್ತರಿಗೂ ಗೊತ್ತು. ಯದುಶೈಲನನ್ನು ಅವರು ಇವತ್ತು ಮೊದಲ ಸಲ ನೋಡುತ್ತಿರುತ್ತಾರೆ, ತೋಚಿದ ಹಾಗೆ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಆದರೆ ಆಮೇಲೆ ಅಫಿಡವಿಟ್ಟುಗಳ ಸಾಲು.

ತಪ್ಪುವ ಜಾಗಗಳು ಬಹುತೇಕ ಇವೇ. ನಾವು ‘ತ’ಗೆ ‘ಟಿಎಚ್’ ಬರೆಯುತ್ತೇವೆ, ಉತ್ತರದವರು ಅದನ್ನು ‘ಥ’ ಅಂತ ಓದುತ್ತಾರೆ. ‘ಋ’ವನ್ನು ನಾವು ‘ರು’ ಅನ್ನುತ್ತೇವೆ, ಬರೆಯುವಾಗ ಮಾತ್ರ ‘ಆರ್‌ಐ’. ಹಾಗಾಗಿ ಋತ್ವಿಕ ಒಂದು ಕಡೆ ರುತ್ವಿಕ, ಇನ್ನೊಂದು ಕಡೆ ರಿತ್ವಿಕ. ‘ಜ್ಞ’ ಬಂದರೆ ಜೆಎನ್, ಜಿಎನ್, ಜಿವೈ ಮೂರೂ ಚಾಲ್ತಿಯಲ್ಲಿವೆ. ‘ಳ’, ‘ಣ’ಗಳಿಗೆ ಇಂಗ್ಲಿಷಿನಲ್ಲಿ ಬೇರೆ ಅಕ್ಷರವೇ ಇಲ್ಲ. ಮಣಲೇರ ಮನಲೇರ ಆಗುವುದನ್ನು ಸಹಿಸಿಕೊಳ್ಳಬೇಕು.

ಕೊನೆಯ ‘ಎ’ ಇನ್ನೊಂದು ಕಿರಿಕಿರಿ. ನೇಸರ ಅಂತ ‘ಎ’ ಹಾಕಿ ಮುಗಿಸಿದರೆ ಹೊರರಾಜ್ಯದವರು ನೇಸರಾ ಅಂತ ಓದಿ ಹುಡುಗಿ ಅಂದುಕೊಳ್ಳಬಹುದು. ‘ಎ’ ತೆಗೆದರೆ ನೇಸರ್ ಆಗುತ್ತದೆ. ನನ್ನ ಕೇಳಿದರೆ ‘ಎ’ ಇರಲಿ. ಮಗನನ್ನು ದಿನಾ ಕರೆಯುವವರು ನೀವು, ಇಮೇಲ್ ನೋಡಿ ಊಹಿಸುವವರಲ್ಲ.

ಪಟ್ಟಿಯಲ್ಲಿ ಉಳಿದ ಹೆಸರುಗಳ ಸ್ಪೆಲಿಂಗನ್ನು ಒಂದು ಚೀಟಿಯಲ್ಲಿ ಬರೆದು, ಹೆಸರು ಹೇಳದೆ, ಕನ್ನಡ ಬಾರದ ಪರಿಚಯದವರೊಬ್ಬರಿಗೆ ಕೊಟ್ಟು ಓದಿಸಿ. ಮೈಸೂರಿನಲ್ಲಿ ಅಂಥವರಿಗೇನೂ ಕೊರತೆ ಇಲ್ಲ.

7. ಇನಿಷಿಯಲ್ಲು, ಗೌಡ, ಎರಡು ಹೆಸರು

ನಮ್ಮ ಕಡೆ ಹೆಸರಿನ ಮುಂದೆ ಊರು, ಅಪ್ಪನ ಹೆಸರಿನ ಅಕ್ಷರ. ಆದರೆ ಪ್ಯಾನ್, ಪಾಸ್‌ಪೋರ್ಟ್ ಅರ್ಜಿಗಳಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಆಗ ಕೊನೆಯ ಹೆಸರಾಗಿ ಯಾವುದು ಬರಬೇಕು, ಊರೋ, ಅಪ್ಪನ ಹೆಸರೋ, ಗೌಡವೋ ಅನ್ನುವುದನ್ನು ಈಗಲೇ ಯೋಚಿಸಿ. ಹೆಸರು ಉದ್ದವಾದಷ್ಟೂ ಫಾರಂನ ಚೌಕಗಳು ಸಾಲುವುದಿಲ್ಲ, ಅದೂ ನೆನಪಿರಲಿ.

ಹೆಸರು ಭಾರಿಯಾಗಿರಬೇಕು, ಕರೆಯುವುದಕ್ಕೂ ಸಲೀಸಾಗಿರಬೇಕು ಅನ್ನುವವರಿಗೆ ಮೈಸೂರಿನಲ್ಲೇ ಒಂದು ಮಾದರಿ ಇದೆ. ಕುವೆಂಪು ಅವರು ಗಂಡುಮಕ್ಕಳಿಗೆ ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ. ಆ ಕಾಲಕ್ಕೆ ಎಂಥ ಹೆಸರುಗಳಿವು! ಎರಡು ಭಾಗ. ಮೊದಲನೆಯದು ಕವಿಯ ಆಸೆ, ಎರಡನೆಯದು ದಿನಬಳಕೆಗೆ. ನಾಡಿಗೆಲ್ಲ ಅವರು ತೇಜಸ್ವಿ ಆದರು, ಹೆಸರಿನ ಮುಂದೆ ಕುಪ್ಪಳಿ ಪುಟ್ಟಪ್ಪನ ‘ಕೆ.ಪಿ.’ ಹಾಗೇ ಉಳಿಯಿತು. ನೀವೂ ‘ಆದಿರಂಗ ನೇಸರ’ದಂಥ ಜೋಡಿ ಮಾಡಬಹುದು. ಎರಡೂ ಭಾರವಾದರೆ ಮಾತ್ರ ಎತ್ತಲಾಗುವುದಿಲ್ಲ.

8. ಹಿರಿಯರ ಹತ್ತಿರ ಹೇಗೆ ಹೇಳುವುದು

ಒಂದೇ ಹೆಸರು ಹಿಡಿದುಕೊಂಡು ಹೋಗಬೇಡಿ, ‘ಬೇಡ’ ಅಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮೂರು ಹೆಸರು ಒಯ್ಯಿರಿ, ಮೂರೂ ನಿಮಗೆ ಒಪ್ಪಿಗೆ ಇರುವಂಥದ್ದೇ. ಅವರು ಆರಿಸಲಿ. ಮನೆದೇವರ ಹೆಸರಿನ ಎಳೆ ಇದ್ದರೆ ಅದನ್ನೇ ಮೊದಲು ಹೇಳಿ. ತೊಟ್ಟಿಲಿನ ಹತ್ತಿರ ಹೆಸರು ಕೂಗುವ ಮರ್ಯಾದೆ ಸೋದರತ್ತೆಯದಾದರೆ ಅವರನ್ನು ಮೊದಲೇ ನಿಮ್ಮ ಕಡೆ ಮಾಡಿಕೊಳ್ಳಿ. ಅವರು ಒಪ್ಪಿದ ಹೆಸರಿಗೆ ಆ ಮನೆಯಲ್ಲಿ ಎದುರು ಮಾತು ಬರುವುದು ಕಡಿಮೆ.

9. ಬರೆಸುವ ದಿನ

ಮಗು ಎಲ್ಲಿ ಹುಟ್ಟಿತೋ ಆ ವ್ಯಾಪ್ತಿಯ ನೋಂದಣಾಧಿಕಾರಿಯ ಹತ್ತಿರವೇ ಹೆಸರು ಸೇರಿಸಬೇಕು. ತವರು ಮೈಸೂರು, ಗಂಡನ ಮನೆ ಮಳವಳ್ಳಿ, ಹೆರಿಗೆ ಆದದ್ದು ಮೈಸೂರಿನ ಆಸ್ಪತ್ರೆಯಲ್ಲಿ ಅಂದರೆ ಕೆಲಸ ಮೈಸೂರಿನದು. ಮಳವಳ್ಳಿಯಲ್ಲಿ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರ ಆಧಾರ್, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಹೆಸರಿಲ್ಲದ ಪ್ರಮಾಣಪತ್ರ ಜತೆಗಿರಲಿ.

ಮಗುವಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ ಒಯ್ಯಿರಿ. ಬಾಯಲ್ಲಿ ಹೇಳಬೇಡಿ, ಹಾಳೆ ಕೊಡಿ. ಪ್ರಮಾಣಪತ್ರ ಎರಡೂ ಭಾಷೆಯಲ್ಲಿ ಬರುವುದರಿಂದ ಎರಡನ್ನೂ ಅಕ್ಷರ ಅಕ್ಷರ ಓದಿ. ಅಪ್ಪ ಅಮ್ಮನ ಹೆಸರನ್ನೂ ಓದಿ, ಅವುಗಳಲ್ಲಿ ತಪ್ಪಿದರೂ ಮುಂದೆ ತೊಂದರೆ ಮಗುವಿಗೇ. ತಪ್ಪು ಕಂಡರೆ ಅಲ್ಲೇ, ಕೌಂಟರ್ ಬಿಡುವ ಮೊದಲೇ ಹೇಳಿ.

ಮಗುವಿನ ಆಧಾರ್ ಅದೇ ಪ್ರಮಾಣಪತ್ರದ ಸ್ಪೆಲಿಂಗ್ ನೋಡಿಕೊಂಡೇ ಮಾಡಿಸಿ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ತೆಗೆಯುವುದಿಲ್ಲ, ಜನನ ಪ್ರಮಾಣಪತ್ರದ ಜತೆ ಮಗುವಿನ ಫೋಟೋ ಮತ್ತು ಅಪ್ಪ ಅಥವಾ ಅಮ್ಮನ ಆಧಾರ್ ಬೇಕು. ಐದು ತುಂಬಿದ ಮೇಲೆ ಬೆರಳಚ್ಚು ಕೊಡಲು ಹೋದಾಗ ಆಪರೇಟರ್ ಹೆಸರು ಮುಟ್ಟದಂತೆ ನೋಡಿಕೊಳ್ಳಿ, ರಸೀದಿಯಲ್ಲಿ ಹೆಸರು ಇನ್ನೊಮ್ಮೆ ಓದಿಯೇ ಎದ್ದು ಬನ್ನಿ.